ಎಂಐಎಫ್ ಸೈಟೊಕೈನ್, ಕಾಫಿ ಬೀಜದ ಆಮ್ಲ ಮತ್ತು ಶ್ವಾಸಕೋಶದ ಕ್ಯಾನ್ಸರ್: ಹಾಸನದ ಒಂದು ಸಂಶೋಧನಾ ಪ್ರಸ್ತಾವದ ಪ್ರಕರಣ ಅಧ್ಯಯನ

ಹಾಸನದ ಫಾರ್ಮಸಿ ಕಾಲೇಜೊಂದರ ಎಂ.ಫಾರ್ಮ ವಿದ್ಯಾರ್ಥಿನಿಯೊಬ್ಬರು ತಮ್ಮ ಪ್ರೌಢಪ್ರಬಂಧದ ಸಿನಾಪ್ಸಿಸ್ಸನ್ನು, ಅಂದರೆ ಸಂಶೋಧನೆಯ ರೂಪರೇಷೆಯನ್ನು, ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಮುನ್ನ ಕಾಲೇಜಿನ ಪರಿಶೀಲನಾ ಸಮಿತಿಯ ಮುಂದಿಟ್ಟಿದ್ದರು. ಔಷಧ ರಸಾಯನಶಾಸ್ತ್ರ ಕಲಿಸುವವನಾಗಿ ನಾನೂ ಆ ಸಮಿತಿಯಲ್ಲಿದ್ದೆ. ಪ್ರಸ್ತಾವದ ತಿರುಳು ಹೀಗಿತ್ತು: ಶ್ವಾಸಕೋಶದ ಗಡ್ಡೆಗಳಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಕಾಣಸಿಗುವ ಎಂಐಎಫ್ ಎಂಬ ಸೈಟೊಕೈನನ್ನು (ಜೀವಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೊಟೀನು) ಕಾಫಿ ಬೀಜದ ಕ್ಲೋರೊಜೆನಿಕ್ ಆಮ್ಲದಿಂದಲೂ ಅದು ಒಡೆದಾಗ ದೊರೆಯುವ ಕೆಫಿಕ್ ಆಮ್ಲದಿಂದಲೂ ತಡೆಯಬಹುದೇ ಎಂದು ಮೊದಲು ಕಂಪ್ಯೂಟರಿನಲ್ಲಿ ಡಾಕಿಂಗ್ ಮಾಡಿ, ಅಂದರೆ ಅಣು ಪ್ರೊಟೀನಿನಲ್ಲಿ ಹೇಗೆ ಕೂರುತ್ತದೆಂದು ಲೆಕ್ಕ ಹಾಕಿ, ನೋಡುವುದು, ಬಳಿಕ ಕಿಣ್ವ ಪರೀಕ್ಷೆ ನಡೆಸುವುದು, ಕೊನೆಗೆ ಎ549 ಎಂಬ ಶ್ವಾಸಕೋಶ ಕ್ಯಾನ್ಸರಿನ ಕೋಶಗಳ ಮೇಲೆ ಪ್ರಯೋಗಿಸುವುದು. ವಿದ್ಯಾರ್ಥಿನಿಯ ಮನೆಯವರು ಸಕಲೇಶಪುರದ ಕಡೆಯ ರೊಬಸ್ಟಾ ಬೆಳೆಗಾರರು. ಹಸಿರು ಬೀಜದ ಒಣತೂಕದಲ್ಲಿ ಕ್ಲೋರೊಜೆನಿಕ್ ಆಮ್ಲಗಳ ಪಾಲು ಅರೇಬಿಕಾಗಿಂತ ರೊಬಸ್ಟಾದಲ್ಲಿ ಹೆಚ್ಚು, ಸುಮಾರು ಶೇ. 7ರಿಂದ 10ರಷ್ಟು. ತಮ್ಮೂರಿನ ಬೆಳೆಯಿಂದಲೇ ಇಂಥ ರೋಗಕ್ಕೆ ಮದ್ದು ಸಿಕ್ಕೀತೆಂಬ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಸಮಿತಿಯಲ್ಲಿದ್ದ ಎಲ್ಲರಿಗೂ ಅದು ಹಿಡಿಸಿತು. ಆದರೆ ಈ ಪ್ರಸ್ತಾವ ಮೂಲ ರೂಪದಲ್ಲಿ ಉಳಿಯಲಿಲ್ಲ. ಅದು ಏಕೆ ಬದಲಾಯಿತು, ಯಾವ ಆಧಾರದ ಮೇಲೆ ಬದಲಾಯಿತು ಎಂಬುದನ್ನು ಇಂಥದೇ ವಿಷಯ ಹಿಡಿಯುವ ಬೇರೆ ವಿದ್ಯಾರ್ಥಿಗಳಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ರೋಗದ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ಒಂದು ವರ್ಷದಲ್ಲೇ ಸುಮಾರು 24.8 ಲಕ್ಷ ಜನರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 18 ಲಕ್ಷ ಜನ ಅದರಿಂದ ತೀರಿಕೊಂಡರು. ತಂಬಾಕು ಮುಖ್ಯ ಕಾರಣ. ಆದರೆ ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲೂ ಈ ರೋಗ ಕಾಣಿಸಿಕೊಳ್ಳುತ್ತದೆ. ಸೌದೆ ಒಲೆಯ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ 2ಎ ಗುಂಪಿಗೆ ಸೇರಿಸಿದೆ. ಮಲೆನಾಡಿನ ಅಡುಗೆಮನೆಗಳನ್ನು ಬಲ್ಲವರಿಗೆ ಇದು ದೂರದ ಮಾತಲ್ಲ. ನಮ್ಮ ಜಿಲ್ಲೆಯ ರೋಗಿಗಳಲ್ಲಿ ಅನೇಕರು ತಿಂಗಳುಗಟ್ಟಲೆ ಕೆಮ್ಮಿಗೆ ಔಷಧಿ ತೆಗೆದುಕೊಂಡು, ರೋಗ ಬಲಿತ ಮೇಲೆಯೇ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ದಾರಿ ಹಿಡಿಯುತ್ತಾರೆ. ಅಂಥವರಿಗೆ ನುಂಗುವ ಮಾತ್ರೆಯ ರೂಪದಲ್ಲಿ, ಕೈಗೆಟಕುವ ಬೆಲೆಯಲ್ಲಿ ಒಂದು ಔಷಧಿ ದೊರೆತರೆ ಅದರ ಮಹತ್ವ ಏನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಎಂಐಎಫ್ ಬಹಳ ಹಳೆಯ ಸೈಟೊಕೈನುಗಳಲ್ಲೊಂದು. ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಕೋಶಗಳ ಚಲನೆಯನ್ನು ತಡೆಯುವ ಅಂಶವೆಂದು 1966ರಲ್ಲಿ ಎರಡು ಕಡೆ ಬೇರೆ ಬೇರೆಯಾಗಿ ಇದರ ವಿವರಣೆ ಪ್ರಕಟವಾಯಿತು. ಹೆಸರೂ ಅದರಿಂದಲೇ ಬಂತು. 114 ಅಮೈನೊ ಆಮ್ಲಗಳ ಮೂರು ಒಂದೇ ಬಗೆಯ ಸರಪಳಿಗಳು ಒಟ್ಟಾಗಿ ನಿಂತು ಈ ಪ್ರೊಟೀನು ರೂಪುಗೊಳ್ಳುತ್ತದೆ ಎಂಬುದು 1996ರಲ್ಲಿ ಸ್ಫಟಿಕ ರಚನೆಯಿಂದ ತಿಳಿಯಿತು. ಜೀವಕೋಶದ ಮೇಲೆ ಅದು ಹಿಡಿಯುವ ಗ್ರಾಹಕ, ಅಂದರೆ ಸಂದೇಶವನ್ನು ಸ್ವೀಕರಿಸುವ ಪ್ರೊಟೀನು, ಸಿಡಿ74 ಎಂದು 2003ರಲ್ಲಿ ಗೊತ್ತಾಯಿತು, 2007ರಲ್ಲಿ ಸಿಎಕ್ಸ್‌ಸಿಆರ್2 ಮತ್ತು ಸಿಎಕ್ಸ್‌ಸಿಆರ್4 ಆ ಪಟ್ಟಿಗೆ ಸೇರಿದವು. ಸಿಡಿ74ಕ್ಕೆ ಒಳಗೆ ಸುದ್ದಿ ಮುಟ್ಟಿಸುವ ಶಕ್ತಿ ತಾನಾಗಿ ಇಲ್ಲ. ಸಿಡಿ44 ಎಂಬ ಇನ್ನೊಂದು ಪ್ರೊಟೀನಿನ ಜೊತೆಗೂಡಿ ಅದು ಕೋಶದೊಳಗೆ ಸಂದೇಶ ಸಾಗುವ ಇಆರ್‌ಕೆ ಎಂಬ ಹಾದಿಯನ್ನು ಎಚ್ಚರಿಸುತ್ತದೆ. ಕೋಶ ವಿಭಜನೆ ಹೆಚ್ಚುವುದು, ಪಿ53 ಎಂಬ ಕಾವಲು ಪ್ರೊಟೀನಿನ ಕೆಲಸ ಕುಂದುವುದು, ಗಡ್ಡೆಗೆ ಹೊಸ ರಕ್ತನಾಳಗಳು ಹುಟ್ಟುವುದು, ಇವೆಲ್ಲಕ್ಕೂ ಎಂಐಎಫ್‌ನ ನಂಟಿದೆ. ಶ್ವಾಸಕೋಶದ ಕ್ಯಾನ್ಸರ್ ಕೋಶಗಳಲ್ಲಿ ಎಂಐಎಫ್ ಮತ್ತು ಅದರ ಸೋದರ ಪ್ರೊಟೀನಾದ ಡಿ-ಡಿಟಿ ಎರಡೂ ಸೇರಿ ರಕ್ತನಾಳ ಬೆಳೆಸುವ ಅಂಶಗಳನ್ನು ಹೆಚ್ಚಿಸುತ್ತವೆಂದು 2008ರಲ್ಲಿ ಪ್ರಕಟವಾದ ಕೆಲಸ ತೋರಿಸಿತು. ಈ ಡಿ-ಡಿಟಿ ಈ ಪ್ರಕರಣದಲ್ಲಿ ಮುಂದೆ ಮತ್ತೆ ಬರುತ್ತದೆ.

ಸಣ್ಣ ಅಣುಗಳ ರಸಾಯನಶಾಸ್ತ್ರಜ್ಞರನ್ನು ಎಂಐಎಫ್ ಸೆಳೆಯುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಸೈಟೊಕೈನುಗಳು ಸಾಮಾನ್ಯವಾಗಿ ಅಗಲವಾದ, ಚಪ್ಪಟೆಯಾದ ಮೇಲ್ಮೈಯಿಂದ ತಮ್ಮ ಗ್ರಾಹಕಗಳನ್ನು ಹಿಡಿಯುತ್ತವೆ. ಅಂಥ ಮೇಲ್ಮೈಗೆ ಪ್ರತಿಕಾಯವೆಂಬ ದೊಡ್ಡ ಪ್ರೊಟೀನು ಸುಲಭವಾಗಿ ಅಂಟಿಕೊಳ್ಳುತ್ತದೆ, ಐನೂರು ಡಾಲ್ಟನ್ನಿನೊಳಗಿನ ಅಣುವಿಗೆ ಕಾಲೂರಲು ಜಾಗವೇ ಸಿಗುವುದಿಲ್ಲ. ಎಂಐಎಫ್‌ನಲ್ಲಿ ಮಾತ್ರ ಎರಡು ಸರಪಳಿಗಳು ಕೂಡುವೆಡೆಯಲ್ಲಿ ಒಂದು ಆಳವಾದ ಗುಳಿಯಿದೆ. ಆ ಗುಳಿಯ ತಳದಲ್ಲಿ ಸರಪಳಿಯ ಮೊತ್ತಮೊದಲ ಅಮೈನೊ ಆಮ್ಲವಾದ ಪ್ರೋಲಿನ್ ಕೂತಿದೆ. ಕೀಟೊ ರೂಪವನ್ನು ಈನಾಲ್ ರೂಪಕ್ಕೆ ತಿರುಗಿಸುವ ಟಾಟೊಮರೇಸ್ ಎಂಬ ಕಿಣ್ವದ ಕೆಲಸವೂ ಅಲ್ಲೇ ನಡೆಯುತ್ತದೆ. ಮನುಷ್ಯನ ದೇಹದಲ್ಲಿ ಈ ಕಿಣ್ವ ಯಾವ ವಸ್ತುವಿನ ಮೇಲೆ ಕೆಲಸ ಮಾಡುತ್ತದೆಂಬುದು ಇಂದಿಗೂ ನಿಶ್ಚಯವಾಗಿಲ್ಲ. ಆದರೂ ಗುಳಿಯನ್ನು ತುಂಬಿದರೆ ಗ್ರಾಹಕವನ್ನು ಹಿಡಿಯುವ ಶಕ್ತಿಯೂ ಕುಂದಬಹುದೆಂಬ ಎಣಿಕೆಯ ಮೇಲೆ 2002ರಲ್ಲಿ ಐಎಸ್ಓ-1 ಎಂಬ ಅಣು ಪ್ರಕಟವಾಯಿತು. ಆಮೇಲೆ ಪ್ರೋಲಿನ್ ಜೊತೆಗೇ ಶಾಶ್ವತ ಬಂಧ ಕಟ್ಟಿಕೊಳ್ಳುವ 4-ಐಪಿಪಿ ಬಂತು. ಅದು ಶ್ವಾಸಕೋಶದ ಕ್ಯಾನ್ಸರ್ ಕೋಶಗಳ ಚಲನೆಯನ್ನೂ ಬೆಳವಣಿಗೆಯನ್ನೂ ತಗ್ಗಿಸುತ್ತದೆಂದು 2008ರಲ್ಲಿ ವರದಿಯಾಯಿತು. ಇವುಗಳಲ್ಲಿ ಯಾವುದೂ ಕ್ಯಾನ್ಸರಿನ ಔಷಧಿಯಾಗಿ ಮಂಜೂರಾಗಿಲ್ಲ. ಕೆಫಿಕ್ ಆಮ್ಲ, ರೆಸ್ವೆರಟ್ರಾಲ್ ಮೊದಲಾದ ಸಸ್ಯಜನ್ಯ ಫೀನಾಲುಗಳು ಟಾಟೊಮರೇಸ್ ಕೆಲಸವನ್ನು ಬಾಧಿಸುತ್ತವೆಂಬ ವರದಿಯೂ ಎರಡು ದಶಕಗಳಷ್ಟು ಹಳೆಯದು. ವಿದ್ಯಾರ್ಥಿನಿಯ ಪ್ರಸ್ತಾವ ನಿಂತಿದ್ದು ಆ ವರದಿಯ ಮೇಲೆ.

ಸಮಿತಿ ಮೊದಲು ಕೈಗೆತ್ತಿಕೊಂಡದ್ದು ಡಾಕಿಂಗ್ ಫಲಿತಾಂಶವನ್ನು. ಕೆಫಿಕ್ ಆಮ್ಲವೂ ಕ್ಲೋರೊಜೆನಿಕ್ ಆಮ್ಲವೂ ಐಎಸ್ಓ-1ಕ್ಕಿಂತ ಒಳ್ಳೆಯ ಅಂಕ ಪಡೆದಿದ್ದವು, ಅಂಕಗಳ ಕೋಷ್ಟಕ ಅಚ್ಚುಕಟ್ಟಾಗಿತ್ತು. ಆದರೆ ಚಿತ್ರಗಳನ್ನು ಹತ್ತಿರದಿಂದ ನೋಡಿದಾಗ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ಮೊದಲನೆಯದು, ತಂತ್ರಾಂಶಕ್ಕೆ ಹಗುರವಾಗಲೆಂದು ಪ್ರೊಟೀನಿನ ಒಂದೇ ಸರಪಳಿಯನ್ನು ಉಳಿಸಿಕೊಂಡು ಮಿಕ್ಕೆರಡನ್ನು ಅಳಿಸಲಾಗಿತ್ತು. ಇತರ ಎಷ್ಟೋ ಕಿಣ್ವಗಳಿಗೆ ಇದು ನಡೆಯುವ ಪದ್ಧತಿ. ಎಂಐಎಫ್‌ನಲ್ಲಿ ಮಾತ್ರ ಗುಳಿಯ ಒಂದು ಪಕ್ಕದ ಗೋಡೆ, ಅಂದರೆ ಟೈರೊಸಿನ್ 95 ಮತ್ತು ಆಸ್ಪರಜಿನ್ 97, ನೆರೆಯ ಸರಪಳಿಯಿಂದ ಬರುತ್ತದೆ. ಐಎಸ್ಓ-1ರ ಫೀನಾಲ್ ತುದಿ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುವುದು ಆ ಆಸ್ಪರಜಿನ್ನಿನ ಜೊತೆಗೇ. ಆ ಗೋಡೆಯನ್ನು ಅಳಿಸಿದ ಮೇಲೆ ಉಳಿಯುವುದು ಅರ್ಧ ಗುಳಿ. ಐಎಸ್ಓ-1ಕ್ಕೆ ಅಲ್ಲಿ ಕಡಿಮೆ ಅಂಕ ಬಂದದ್ದಕ್ಕೆ ಕಾರಣ ಅದರ ಹಿಡಿತದ ಅರ್ಧ ಭಾಗವೇ ಕಾಣೆಯಾಗಿದ್ದದ್ದು.

ಎರಡನೆಯದು ಇನ್ನೂ ಸೂಕ್ಷ್ಮ. ಪ್ರೊಟೀನಿನ ತುದಿಯ ಅಮೈನಿಗೆ ತಂತ್ರಾಂಶ ತನ್ನ ರೂಢಿಯಂತೆ ಒಂದು ಹೆಚ್ಚುವರಿ ಪ್ರೋಟಾನನ್ನು ಸೇರಿಸಿ, ಅದಕ್ಕೆ ಧನ ಆವೇಶ ಕೊಟ್ಟಿತ್ತು. ಸಾಮಾನ್ಯ ಪ್ರೋಲಿನ್ ತುದಿಗೆ ಅದು ಸರಿ. ಎಂಐಎಫ್‌ನ ಪ್ರೋಲಿನ್ನಿನ ಪಿಕೆಎ ಮೌಲ್ಯ (ಯಾವ ಪಿಎಚ್‌ನಲ್ಲಿ ಅರ್ಧದಷ್ಟು ಅಣುಗಳು ಪ್ರೋಟಾನನ್ನು ಬಿಟ್ಟುಕೊಡುತ್ತವೆಂಬ ಅಳತೆ) ಆರರ ಆಸುಪಾಸಿಗೆ ಇಳಿದಿದೆ. ಹಾಗಾಗಿ ದೇಹದ ಪಿಎಚ್‌ನಲ್ಲಿ ಅದು ಬಹುಪಾಲು ಆವೇಶವಿಲ್ಲದೆ ಇರುತ್ತದೆ. ಆವೇಶವಿಲ್ಲದ ಕಾರಣದಿಂದಲೇ ಅದು ಪ್ರತ್ಯಾಮ್ಲದಂತೆ ವರ್ತಿಸಿ ಕಿಣ್ವದ ಕೆಲಸ ಮಾಡಬಲ್ಲದು. ಇಲ್ಲದ ಧನ ಆವೇಶವನ್ನು ಗುಳಿಯ ತಳದಲ್ಲಿಟ್ಟರೆ, ಋಣ ಆವೇಶದ ಕಾರ್ಬಾಕ್ಸಿಲ್ ಗುಂಪುಳ್ಳ ಯಾವ ಅಣುವಾದರೂ ಓಡಿ ಬಂದು ಅಲ್ಲಿ ಕೂರುತ್ತದೆ. ಕೆಫಿಕ್ ಆಮ್ಲಕ್ಕೆ ಒಳ್ಳೆಯ ಅಂಕ ಬರಲು ಇದೂ ಒಂದು ಕಾರಣ. ಹತ್ತಿರದಲ್ಲಿರುವ ಲೈಸಿನ್ 32 ಕಾರ್ಬಾಕ್ಸಿಲನ್ನು ಸ್ವಲ್ಪ ಮಟ್ಟಿಗೆ ನಿಜವಾಗಿಯೂ ಸೆಳೆಯುತ್ತದೆಂಬುದನ್ನು ಮರೆಯಬಾರದು, ಆದ್ದರಿಂದ ಆಮ್ಲ ಗುಂಪು ನಿರುಪಯೋಗಿ ಎನ್ನಲಾಗದು. ಮೂರೂ ಸರಪಳಿಗಳನ್ನಿಟ್ಟು, ಪ್ರೋಲಿನ್ನನ್ನು ಆವೇಶವಿಲ್ಲದಂತೆ ಮಾಡಿ ವಿದ್ಯಾರ್ಥಿನಿ ಲೆಕ್ಕವನ್ನು ಮತ್ತೆ ಮಾಡಿದಾಗ ಐಎಸ್ಓ-1 ತನ್ನ ಸ್ಫಟಿಕ ರಚನೆಯಲ್ಲಿರುವ ಭಂಗಿಗೇ ಮರಳಿತು, ಕಾಫಿಯ ಆಮ್ಲಗಳ ಮೇಲುಗೈ ಹೋಯಿತು.

ಡಾಕಿಂಗ್ ಎಂಬುದು ಸೂಚನೆ ಮಾತ್ರ, ತೀರ್ಪನ್ನು ಕಿಣ್ವ ಪರೀಕ್ಷೆಗೆ ಬಿಡೋಣ ಎಂದು ಸಮಿತಿಯ ಕೆಲವರು ಹೇಳಿದರು, ಅದು ನ್ಯಾಯವಾದ ಮಾತು. ನನ್ನ ಆತಂಕ ಇದ್ದದ್ದು ಆ ಕಿಣ್ವ ಪರೀಕ್ಷೆಯ ಬಗ್ಗೆಯೇ. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದೆಂದು ಭಾವಿಸಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಟಾಟೊಮರೇಸ್ ಕೆಲಸವನ್ನು ಅಳೆಯಲು ಎರಡು ಪರೀಕ್ಷೆಗಳು ರೂಢಿಯಲ್ಲಿವೆ, ಎರಡೂ ಬೆಳಕಿನ ಹೀರಿಕೆಯನ್ನು ನೆಚ್ಚಿಕೊಂಡಿವೆ. ಒಂದರಲ್ಲಿ ಎಲ್-ಡೋಪಾದ ಮಿಥೈಲ್ ಎಸ್ಟರನ್ನು ಸೋಡಿಯಂ ಪರ್‌ಅಯೊಡೇಟಿನಿಂದ ಉತ್ಕರ್ಷಿಸಿ ಡೋಪಾಕ್ರೋಮ್ ಎಂಬ ಕಿತ್ತಳೆ ಬಣ್ಣದ ವಸ್ತುವನ್ನು ತಯಾರಿಸುತ್ತಾರೆ. ಎಂಐಎಫ್ ಅದನ್ನು ಬಣ್ಣವಿಲ್ಲದ ರೂಪಕ್ಕೆ ತಿರುಗಿಸುತ್ತದೆ. 475 ನ್ಯಾನೊಮೀಟರಿನಲ್ಲಿ ಬಣ್ಣ ಇಳಿಯುವ ವೇಗವೇ ಕಿಣ್ವದ ವೇಗ, ಇಳಿಕೆ ನಿಧಾನವಾದರೆ ಪ್ರತಿಬಂಧ, ಅಂದರೆ ಕಿಣ್ವಕ್ಕೆ ತಡೆ, ಎಂದರ್ಥ. ಕೆಫಿಕ್ ಆಮ್ಲದಲ್ಲಿ ಅಕ್ಕಪಕ್ಕದ ಎರಡು ಹೈಡ್ರಾಕ್ಸಿಲ್ ಗುಂಪುಗಳಿವೆ, ಅಂದರೆ ಅದೊಂದು ಕ್ಯಾಟಿಕಾಲ್. ಮಿಶ್ರಣದಲ್ಲಿ ಉಳಿದುಹೋದ ಪರ್‌ಅಯೊಡೇಟ್ ಡೋಪಾವನ್ನು ಉತ್ಕರ್ಷಿಸಿದಂತೆಯೇ ಕೆಫಿಕ್ ಆಮ್ಲವನ್ನೂ ಉತ್ಕರ್ಷಿಸಿ ಕ್ವಿನೋನ್ ಎಂಬ ಬಣ್ಣದ, ಬೇಗ ಪ್ರತಿಕ್ರಿಯಿಸುವ ವಸ್ತುವನ್ನಾಗಿ ಮಾಡುತ್ತದೆ, ದ್ರಾವಣ ಹಳದಿಗಟ್ಟಿ ಕಂದುಬಣ್ಣಕ್ಕೆ ತಿರುಗುತ್ತದೆ. ಒಂದು ಬಣ್ಣ ಇಳಿಯುತ್ತಿರುವಾಗ ಇನ್ನೊಂದು ಏರುತ್ತಿದ್ದರೆ ಇಳಿಕೆ ನಿಧಾನವಾಗಿರುವಂತೆಯೇ ಕಾಣುತ್ತದೆ. ಕಿಣ್ವವನ್ನು ಯಾರೂ ತಡೆಯದಿದ್ದರೂ ಉಪಕರಣ ಪ್ರತಿಬಂಧವೆಂದೇ ತೋರಿಸುತ್ತದೆ.

ಇನ್ನೊಂದು ಪರೀಕ್ಷೆಯಲ್ಲಿ ಹೈಡ್ರಾಕ್ಸಿಫಿನೈಲ್ ಪೈರುವಿಕ್ ಆಮ್ಲವನ್ನು ಬಳಸುತ್ತಾರೆ. ಎಂಐಎಫ್ ಅದನ್ನು ಈನಾಲ್ ರೂಪಕ್ಕೆ ತಿರುಗಿಸಿದಾಗ ಬಫರಿನಲ್ಲಿರುವ ಬೋರೇಟ್ ಆ ಈನಾಲನ್ನು ಹಿಡಿದುಕೊಂಡು 306 ನ್ಯಾನೊಮೀಟರಿನಲ್ಲಿ ಹೀರಿಕೆಯನ್ನು ಏರಿಸುತ್ತದೆ. ಇಲ್ಲಿ ಪರ್‌ಅಯೊಡೇಟಿನ ಕಾಟವಿಲ್ಲ. ಆದರೆ ಕೆಫಿಕ್ ಮತ್ತು ಕ್ಲೋರೊಜೆನಿಕ್ ಆಮ್ಲಗಳೆರಡರ ಹೀರಿಕೆಯ ಶಿಖರ ಇರುವುದು 325ರ ಸುತ್ತ, 306ರಲ್ಲೂ ಅವು ಗಾಢವಾಗಿಯೇ ಹೀರುತ್ತವೆ. ನೂರು ಮೈಕ್ರೊಮೋಲಾರ್ ಕೆಫಿಕ್ ಆಮ್ಲವೊಂದೇ ಒಂದು ಸೆಂಟಿಮೀಟರ್ ಕುವೆಟ್ಟಿನಲ್ಲಿ (ದ್ರಾವಣವಿಟ್ಟು ಬೆಳಕು ಹಾಯಿಸುವ ಪುಟ್ಟ ಪಾತ್ರೆ) ಹೀರಿಕೆಯನ್ನು ಒಂದರ ಆಚೆಗೆ ಒಯ್ಯುತ್ತದೆ. ಪ್ರಮಾಣ ಹೆಚ್ಚಿಸುತ್ತ ಹೋದರೆ ಉಪಕರಣ ನೇರ ರೇಖೆಯ ಮಿತಿಯನ್ನು ದಾಟಿ, ಕಿಣ್ವದ ಏರಿಕೆಯನ್ನು ಕುಗ್ಗಿಸಿ ತೋರಿಸುತ್ತದೆ. ಸಾಲದೆಂಬಂತೆ ಬೋರೇಟ್ ಕ್ಯಾಟಿಕಾಲುಗಳನ್ನೂ ಹಿಡಿಯುತ್ತದೆ, ಹಿಡಿದಾಗ ಅವುಗಳ ರೋಹಿತ, ಅಂದರೆ ಯಾವ ಬೆಳಕನ್ನು ಎಷ್ಟು ಹೀರುತ್ತವೆಂಬ ಚಿತ್ರ, ಸರಿಯುತ್ತದೆ. ಎಂಐಎಫ್ ಅನ್ನು ಅಳೆಯುವ ಎರಡು ಸುಲಭ ದಾರಿಗಳೂ ಈ ಒಂದು ಅಣುವಿನ ವಿಷಯದಲ್ಲಿ, ಬೇರೆ ಬೇರೆ ಕಾರಣಗಳಿಂದ, ಒಂದೇ ದಿಕ್ಕಿಗೆ ವಾಲುತ್ತವೆ. ಎರಡು ಪರೀಕ್ಷೆಗಳ ಫಲಿತಾಂಶ ಹೊಂದಿಕೊಂಡರೆ ಒಂದು ಇನ್ನೊಂದಕ್ಕೆ ಸಾಕ್ಷಿ ಎಂದು ನಾವು ನಂಬುತ್ತೇವಲ್ಲ, ಇಲ್ಲಿ ಆ ನಂಬಿಕೆಗೆ ನೆಲೆಯಿರಲಿಲ್ಲ.

ಇದನ್ನೆಲ್ಲ ಸಮಿತಿಯಲ್ಲಿ ವಾದಿಸಿ ಗೆಲ್ಲುವ ಬದಲು ಪ್ರಯೋಗದಿಂದಲೇ ತಿಳಿಯೋಣವೆಂದು ತೀರ್ಮಾನವಾಯಿತು. ಎಂಐಎಫ್ ಪ್ರೊಟೀನು ಬೆಂಗಳೂರಿನ ಪ್ರಯೋಗಾಲಯವೊಂದರಿಂದ ಬರಬೇಕಾಗಿತ್ತು, ಬರಲು ತಡವಿತ್ತು. ಆದರೆ ಈ ಪ್ರಶ್ನೆಗೆ ಪ್ರೊಟೀನೇ ಬೇಕಾಗಿರಲಿಲ್ಲ. ಯಾವ ಫಾರ್ಮಸಿ ಕಾಲೇಜಿನಲ್ಲೂ ಇರುವ ಯುವಿ ಸ್ಪೆಕ್ಟ್ರೊಫೋಟೊಮೀಟರ್, ಬೋರೇಟ್ ಬಫರ್, ಪರ್‌ಅಯೊಡೇಟ್ ಮತ್ತು ಅಂಗಡಿಯಲ್ಲಿ ಸಿಗುವ ಶುದ್ಧ ಕೆಫಿಕ್ ಆಮ್ಲ ಇದ್ದರೆ ಸಾಕಾಗಿತ್ತು. ವಿದ್ಯಾರ್ಥಿನಿ ಕಿಣ್ವವಿಲ್ಲದ ಖಾಲಿ ಪರೀಕ್ಷೆಗಳನ್ನು ಒಂದೊಂದಾಗಿ ಮಾಡಿದರು. ಪರ್‌ಅಯೊಡೇಟ್ ಸೇರಿದ ಕುವೆಟ್ಟು ಕಣ್ಣೆದುರೇ ಬಣ್ಣಗಟ್ಟಿತು, ಬೋರೇಟಿನಲ್ಲಿ ರೋಹಿತ ಸರಿಯಿತು. ಹೋಲಿಕೆಗೆಂದು ಇಟ್ಟುಕೊಂಡ ಪಿ-ಕೌಮರಿಕ್ ಆಮ್ಲ ಇಂಥ ವರ್ತನೆಯನ್ನು ತೋರಲಿಲ್ಲ. ಅದರಲ್ಲಿರುವುದು ಒಂದೇ ಹೈಡ್ರಾಕ್ಸಿಲ್, ಕ್ಯಾಟಿಕಾಲ್ ಅಲ್ಲ. ಅದರ ಹೀರಿಕೆಯೂ 306ರ ಬಳಿಯೇ ಇರುವುದರಿಂದ ಹಿನ್ನೆಲೆಯ ತೊಂದರೆ ಅದಕ್ಕೂ ತಪ್ಪಿದ್ದಲ್ಲವೆಂಬುದನ್ನು ಅವರೇ ಗುರುತಿಸಿ ಬರೆದರು. ಪ್ರೌಢಪ್ರಬಂಧದ ಒಂದು ಅಧ್ಯಾಯಕ್ಕೆ ಈ ಖಾಲಿ ಪರೀಕ್ಷೆಗಳೇ ಯೋಗ್ಯವೆಂದು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಇದು ನಮ್ಮ ಕಾಲೇಜಿಗೆ ಮಾತ್ರ ಎದುರಾದ ತೊಡಕಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಜಾರ್ಗೆನ್ಸನ್ ಅವರ ತಂಡ ಈ ಹಿಂದೆ ವರದಿಯಾಗಿದ್ದ ಹಲವು ಎಂಐಎಫ್ ಪ್ರತಿಬಂಧಕಗಳನ್ನು ಮತ್ತೆ ಅಳೆದು, ಅವುಗಳಲ್ಲಿ ಕೆಲವು ಹೇಳಿದಷ್ಟು ಬಲವಾಗಿಲ್ಲವೆಂದೂ ಕೆಲವು ಕೆಲಸವನ್ನೇ ಮಾಡುವುದಿಲ್ಲವೆಂದೂ 2016ರಲ್ಲಿ ಪ್ರಕಟಿಸಿತು. ಅದೇ ತಂಡ ಕಿಣ್ವದ ಕೆಲಸವನ್ನು ಬದಿಗಿಟ್ಟು ಅಣು ಗುಳಿಯಲ್ಲಿ ಕೂರುತ್ತದೆಯೇ ಎಂಬುದನ್ನೇ ನೇರವಾಗಿ ಅಳೆಯುವ ಫ್ಲೂರೊಸೆನ್ಸ್ ಧ್ರುವೀಕರಣದ ಪರೀಕ್ಷೆಯನ್ನೂ ರೂಪಿಸಿತು.

ಕೆಫಿಕ್ ಆಮ್ಲದ ಪರವಾಗಿ ಸಮಿತಿಯಲ್ಲಿ ಒಂದು ಗಟ್ಟಿ ವಾದ ಬಂತು, ಅದನ್ನು ದಾಖಲಿಸಲೇಬೇಕು. ಕ್ವಿನೋನಾಗುವುದು ದೋಷವೇ ಏಕಾಗಬೇಕು? ಪ್ಯಾರಾಸಿಟಮಾಲ್ ದೇಹದಲ್ಲಿ ಒಡೆದಾಗ ಹುಟ್ಟುವ ಎನ್ಎಪಿಕ್ಯುಐ ಎಂಬ ಕ್ವಿನೋನ್ ಜಾತಿಯ ವಸ್ತು ಎಂಐಎಫ್‌ನ ಪ್ರೋಲಿನ್ನಿಗೇ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆಂದು 2002ರಲ್ಲೇ ತೋರಿಸಿದ್ದಾರೆ, ಹಾಗಾದರೆ ಕೆಫಿಕ್ ಆಮ್ಲದ ಕ್ವಿನೋನೂ ಅದೇ ಕೆಲಸ ಮಾಡಬಹುದಲ್ಲ? ಮಾಡಬಹುದು. ಆದರೆ ಅಂಥ ಕ್ವಿನೋನಿಗೆ ಎಂಐಎಫ್ ಬೇರೆ, ಇನ್ನೊಂದು ಬೇರೆ ಎಂಬ ವಿವೇಚನೆಯಿಲ್ಲ. ಕೋಶದ ರಕ್ಷಕ ಅಣುವಾದ ಗ್ಲುಟಾಥಯೋನ್, ಸಿಕ್ಕಸಿಕ್ಕ ಪ್ರೊಟೀನುಗಳಲ್ಲಿರುವ ಸಿಸ್ಟೀನ್ ಎಂಬ ಅಮೈನೊ ಆಮ್ಲ ಎಲ್ಲಕ್ಕೂ ಅದು ಅಂಟುತ್ತದೆ. ಪ್ಯಾರಾಸಿಟಮಾಲ್ ಅತಿಯಾದಾಗ ಯಕೃತ್ತನ್ನು ಕೆಡಿಸುವುದೂ ಅದೇ ಎನ್ಎಪಿಕ್ಯುಐ. ಶ್ವಾಸಕೋಶದ ಗಡ್ಡೆಗೆ ಮುಟ್ಟಿಸಬೇಕಾದ ಔಷಧಿಗೆ ಇದು ತಳಹದಿಯಾಗಲಾರದು.

ಕೋಶಗಳ ಹಂತದಲ್ಲೂ ಈ ಕ್ಯಾಟಿಕಾಲ್ ಸುಮ್ಮನಿರುವುದಿಲ್ಲ. ಕೋಶ ಬೆಳೆಸುವ ಮಾಧ್ಯಮದಲ್ಲಿ ಇಂಥ ಫೀನಾಲುಗಳು ತಾವಾಗಿ ಉತ್ಕರ್ಷಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಎ549 ಕೋಶಗಳು ಸತ್ತರೆ ಅದು ಎಂಐಎಫ್ ತಡೆದದ್ದರಿಂದಲೋ ಪೆರಾಕ್ಸೈಡಿನಿಂದಲೋ ಎಂಬುದು ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಸೇರಿಸಿದ ಹೋಲಿಕೆಯಿಲ್ಲದೆ ತಿಳಿಯುವುದಿಲ್ಲ. ಮೂಲ ಪ್ರಸ್ತಾವದಲ್ಲಿ ಆ ಹೋಲಿಕೆ ಇರಲಿಲ್ಲ. ದೇಹದ ಒಳಗಿನ ಲೆಕ್ಕವಂತೂ ಇನ್ನೂ ಕಠಿಣ: ಕ್ಲೋರೊಜೆನಿಕ್ ಆಮ್ಲದ ಬಹುಪಾಲು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳ ಕೈಯಲ್ಲಿ ಒಡೆಯುತ್ತದೆ, ರಕ್ತ ಸೇರಿದ ಕೆಫಿಕ್ ಆಮ್ಲ ಬೇಗನೆ ಮಿಥೈಲ್, ಸಲ್ಫೇಟ್, ಗ್ಲುಕ್ಯುರೊನೈಡ್ ರೂಪಗಳಿಗೆ ತಿರುಗಿ ಹೊರಹೋಗುತ್ತದೆ. ಕುವೆಟ್ಟಿನಲ್ಲಿ ಬಳಸುವ ಪ್ರಮಾಣವನ್ನು ಗಡ್ಡೆಯಲ್ಲಿ ಕಾಣುವ ಆಸೆ ಇಡುವಂತಿಲ್ಲ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕೆನಿಸುತ್ತದೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಇಂಥ ಸುದ್ದಿ ಬೇಗ ಹರಡುತ್ತದೆ. ಮೂಲ ಸಿನಾಪ್ಸಿಸ್ಸಿನ ಪೀಠಿಕೆಯಲ್ಲಿ ಕಾಫಿ ಕುಡಿಯುವುದು ಶ್ವಾಸಕೋಶದ ಕ್ಯಾನ್ಸರಿನಿಂದ ಕಾಪಾಡಬಹುದೆಂಬ ಅರ್ಥ ಬರುವ ಒಂದು ಸಾಲಿತ್ತು, ಸಮಿತಿ ಅದನ್ನು ತೆಗೆಸಿತು. ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದಲ್ಲಿ ಐಎಆರ್‌ಸಿ 1993ರಲ್ಲಿ ಕೆಫಿಕ್ ಆಮ್ಲವನ್ನು ಕ್ಯಾನ್ಸರ್ ತರಬಹುದಾದ 2ಬಿ ಗುಂಪಿನಲ್ಲಿಟ್ಟಿದೆ. ಕಾಫಿ ಪಾನೀಯವನ್ನು 2016ರಲ್ಲಿ ವರ್ಗೀಕರಿಸಲಾಗದ 3ನೇ ಗುಂಪಿಗೆ ಸೇರಿಸಿದೆ. ಕಾಫಿಯಿಂದ ಭಯಪಡಬೇಕಿಲ್ಲವೆಂದು ಇದರಿಂದ ತಿಳಿಯಬಹುದೇ ಹೊರತು ಕಾಫಿ ಮದ್ದೆಂದು ತಿಳಿಯಲು ಆಧಾರವಿಲ್ಲ. ರೋಗಿಯೊಬ್ಬರು ಕೀಮೊಥೆರಪಿ ಬಿಟ್ಟು ಹಸಿರು ಕಾಫಿಯ ಪುಡಿಗೆ ಮೊರೆಹೋಗುವಂತೆ ಮಾಡಬಲ್ಲ ವಾಕ್ಯ ಪ್ರೌಢಪ್ರಬಂಧದಲ್ಲಿ ಇರಬಾರದು.

ಹಾಗಾದರೆ ಸೈಟೊಕೈನನ್ನು ತಡೆದು ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ಯೋಚನೆಯನ್ನೇ ಬಿಡಬೇಕೇ ಎಂದು ವಿದ್ಯಾರ್ಥಿನಿ ಕೇಳಿದರು. ಬಿಡಬೇಕಾಗಿಲ್ಲ, ಆದರೆ ಅದರ ಕಷ್ಟವನ್ನು ಅರಿತಿರಬೇಕು. ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸೈಟೊಕೈನನ್ನು ಹಿಡಿಯುವ ಕ್ಯಾನಕಿನುಮ್ಯಾಬ್ ಪ್ರತಿಕಾಯವನ್ನು ಹೃದಯಾಘಾತವಾಗಿದ್ದ 10,061 ಜನರಲ್ಲಿ ಪರೀಕ್ಷಿಸಿದ ಕ್ಯಾಂಟೋಸ್ ಅಧ್ಯಯನದಲ್ಲಿ, ಅತಿ ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಶೇ. 67ರಷ್ಟು ಕಡಿಮೆಯಾಗಿತ್ತೆಂದು 2017ರಲ್ಲಿ ಪ್ರಕಟವಾದಾಗ ಎಲ್ಲರಿಗೂ ಭರವಸೆ ಬಂತು. ಅದೇ ಪ್ರತಿಕಾಯವನ್ನು ಶ್ವಾಸಕೋಶದ ಕ್ಯಾನ್ಸರ್ ಆಗಿಯೇ ಇದ್ದ ರೋಗಿಗಳಿಗೆ ಕೊಟ್ಟು ನೋಡಿದ ಕ್ಯಾನೊಪಿ ಹೆಸರಿನ ಮೂರು ದೊಡ್ಡ ಪ್ರಯೋಗಗಳು 2021 ಮತ್ತು 2022ರಲ್ಲಿ ತಮ್ಮ ಮುಖ್ಯ ಗುರಿ ಮುಟ್ಟಲಿಲ್ಲ. ಗಡ್ಡೆ ಹುಟ್ಟುವ ಹೊತ್ತಿಗೆ ಬೇಕಾದ ಸೈಟೊಕೈನು ಗಡ್ಡೆ ಬೆಳೆದು ನಿಂತ ಮೇಲೆ ಅಷ್ಟು ಬೇಕಾಗದಿರಬಹುದು. ಎಂಐಎಫ್‌ಗೂ ಈ ಪ್ರಶ್ನೆ ಕಾದಿದೆ.

ಪರಿಷ್ಕೃತ ಪ್ರಸ್ತಾವ ಹೀಗೆ ನಿಂತಿತು. ಕೆಫಿಕ್ ಮತ್ತು ಕ್ಲೋರೊಜೆನಿಕ್ ಆಮ್ಲಗಳನ್ನು ಔಷಧಿಯ ಅಭ್ಯರ್ಥಿಗಳ ಪಟ್ಟಿಯಿಂದ ತೆಗೆದು, ಪರೀಕ್ಷೆಯ ವಂಚನೆಯನ್ನು ತೋರಿಸುವ ಮಾದರಿಗಳನ್ನಾಗಿ ಉಳಿಸಿಕೊಳ್ಳಲಾಯಿತು. ಅವುಗಳ ಜಾಗದಲ್ಲಿ ಒಂದೇ ಫೀನಾಲ್ ಉಳ್ಳ, ಉತ್ಕರ್ಷಗೊಂಡು ಕ್ಯಾಟಿಕಾಲಿನಂತೆ ಆರ್ಥೊ-ಕ್ವಿನೋನ್ ಆಗದ ಕೆಲವೇ ಅಣುಗಳನ್ನು ವಿದ್ಯಾರ್ಥಿನಿ ಕಾಲೇಜಿನ ಪ್ರಯೋಗಾಲಯದಲ್ಲೇ ಸಂಶ್ಲೇಷಿಸುವರು. 306ರಿಂದ ದೂರ ಹೀರುವಂತೆ ಅವುಗಳನ್ನು ಆರಿಸಲಾಗಿದೆ. ಅಣುಗಳು ಗುಂಪುಗೂಡಿ ಪ್ರೊಟೀನನ್ನು ಸುಮ್ಮನೆ ಮುತ್ತಿಕೊಳ್ಳುವ ಸಂಭವವನ್ನು ತಳ್ಳಿಹಾಕಲು ಪ್ರತಿ ಅಳತೆಯನ್ನೂ ಸ್ವಲ್ಪ ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಸೇರಿಸಿ ಇನ್ನೊಮ್ಮೆ ಮಾಡಬೇಕು. ಬೆಂಗಳೂರಿನವರಿಗೆ ಬರೆದ ಪತ್ರದಲ್ಲಿ ಪ್ರೊಟೀನಿನ ಮೊದಲ ತುದಿಗೆ, ಶುದ್ಧೀಕರಣಕ್ಕೆಂದು ಜೋಡಿಸುವ ಹಿಸ್ಟಿಡಿನ್ ಬಾಲ ಕಟ್ಟಬಾರದೆಂದು ಸ್ಪಷ್ಟವಾಗಿ ಕೇಳಿಕೊಳ್ಳಲಾಯಿತು, ಏಕೆಂದರೆ ಪ್ರೋಲಿನ್ ಮೊದಲ ಸ್ಥಾನದಲ್ಲಿ ಬಯಲಾಗಿ ನಿಲ್ಲದಿದ್ದರೆ ಕಿಣ್ವಕ್ಕೆ ಜೀವವೇ ಇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಪ್ರಶ್ನೆಯಲ್ಲೇ ಆಯಿತು. ಪ್ರೋಲಿನ್ನನ್ನು ಗ್ಲೈಸಿನ್ನಾಗಿ ಬದಲಿಸಿದ ಇಲಿಗಳ ಮೇಲಿನ ಕೆಲಸ 2009ರಲ್ಲಿ ಪ್ರಕಟವಾಗಿದೆ. ಅವುಗಳ ಎಂಐಎಫ್‌ಗೆ ಟಾಟೊಮರೇಸ್ ಶಕ್ತಿ ಇರಲಿಲ್ಲ, ಸಿಡಿ74ರ ಹಿಡಿತವೂ ಕುಂದಿತ್ತು, ಚರ್ಮದ ಗಡ್ಡೆಗಳ ಬೆಳವಣಿಗೆ ಸಾಮಾನ್ಯ ಇಲಿಗಳಿಗೂ ಎಂಐಎಫ್ ಪೂರ್ತಿ ಇಲ್ಲದ ಇಲಿಗಳಿಗೂ ನಡುವೆ ಇತ್ತು. ಗುಳಿಯ ಆಕಾರ ಗ್ರಾಹಕವನ್ನು ಹಿಡಿಯಲು ಬೇಕು, ಕಿಣ್ವದ ಕೆಲಸ ಬೇಕೆಂದಿಲ್ಲ ಎಂಬ ಕಡೆಗೆ ಇದು ಬೊಟ್ಟು ಮಾಡುತ್ತದೆ. ಆದ್ದರಿಂದ ಹೊಸ ಪ್ರಸ್ತಾವದಲ್ಲಿ ಟಾಟೊಮರೇಸ್ ಪರೀಕ್ಷೆ ಮೊದಲ ಜರಡಿ ಮಾತ್ರ. ಅದನ್ನು ದಾಟಿದ ಅಣು ಎಂಐಎಫ್ ಸಿಡಿ74ನ್ನು ಹಿಡಿಯದಂತೆ ಮಾಡುತ್ತದೆಯೇ ಎಂಬುದು ತೀರ್ಪಿನ ಪರೀಕ್ಷೆ. ಎ549 ಕೋಶಗಳಲ್ಲಿ ಎಂಐಎಫ್ ವಂಶವಾಹಿಯನ್ನು ಮೌನವಾಗಿಸಿದಾಗಲೂ ಅಣು ಅಷ್ಟೇ ಕೆಲಸ ಮಾಡಿದರೆ ಅದು ಕೊಲ್ಲುತ್ತಿರುವುದು ಬೇರೆ ದಾರಿಯಿಂದ ಎಂದೇ ಬರೆಯಬೇಕೆಂದು ಸಿನಾಪ್ಸಿಸ್ಸಿನಲ್ಲಿ ಮುಂಚಿತವಾಗಿಯೇ ಸೇರಿಸಲಾಗಿದೆ.

ಡಿ-ಡಿಟಿಯ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಎಂಐಎಫ್ ಒಂದನ್ನೇ ತಡೆದರೆ ಸೋದರ ಪ್ರೊಟೀನು ಅದೇ ಸಿಡಿ74ನ್ನು ಹಿಡಿದು ಕೆಲಸ ಮುಂದುವರಿಸಬಹುದು; ಎರಡನ್ನೂ ತಡೆಯುವ ಅಣು ಬೇಕೆಂದರೆ, ಎರಡರ ಗುಳಿಗಳೂ ಮೊದಲ ಪ್ರೋಲಿನ್ನನ್ನು ಬಿಟ್ಟರೆ ಒಳಗೋಡೆಗಳಲ್ಲಿ ಸಾಕಷ್ಟು ಬೇರೆಯಾಗಿವೆ. ಎಂ.ಫಾರ್ಮದ ಅವಧಿಯಲ್ಲಿ ಅದು ಮುಗಿಯುವ ಕೆಲಸವಲ್ಲವೆಂದು ಒಬ್ಬ ಸದಸ್ಯರು, ಅದನ್ನು ಬಿಟ್ಟರೆ ಉಳಿದದ್ದು ಅಪೂರ್ಣವೆಂದು ಇನ್ನೊಬ್ಬರು ಪಟ್ಟು ಹಿಡಿದರು. ಕೊನೆಗೆ, ಸಿಡಿ74 ಪರೀಕ್ಷೆಯನ್ನು ದಾಟುವ ಅಣು ಒಂದಾದರೂ ಇದ್ದರೆ ಅದನ್ನು ಡಿ-ಡಿಟಿಯ ಮೇಲೂ ಅಳೆಯತಕ್ಕದ್ದು ಎಂಬ ಷರತ್ತಿನೊಂದಿಗೆ ಸಿನಾಪ್ಸಿಸ್ಸಿಗೆ ಸಹಿಯಾಯಿತು, ಪ್ರೊಟೀನು ಬರುವವರೆಗೆ ಸಂಶ್ಲೇಷಣೆ ಆರಂಭಿಸಲು ವಿದ್ಯಾರ್ಥಿನಿಗೆ ಅನುಮತಿ ದೊರೆಯಿತು.